ಉತ್ಪನ್ನದ ಮಾರಾಟಕ್ಕೆ ಡೊಮೇನ್ ಹೆಸರಿನ ಆಯ್ಕೆ

ಕೆಂಗೇರಿ ಸುತ್ತಮುತ್ತಲಿನ ರೈತರು ತಯಾರಿಸುವ ಗಾಣದ ಎಣ್ಣೆ, ರಾಗಿ ಹಿಟ್ಟು, ತುಪ್ಪ ಮುಂತಾದವುಗಳಿಗೆ ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳ ಮನೆಗಳೇ ಹತ್ತಿರದ ಪೇಟೆ. ಒಮ್ಮೆ ಕೊಂಡ ಗ್ರಾಹಕರು ಎರಡನೆಯ ಸಲ ಫೋನಿನಲ್ಲಿ ಹುಡುಕಿ ಬರಲು ಅಂತರ್ಜಾಲದ ವಿಳಾಸ, ಅಂದರೆ ಡೊಮೇನ್ ಹೆಸರು, ಬಹಳ ಉಪಯುಕ್ತ. ಲೇಬಲ್ ಮತ್ತು ಬೋರ್ಡಿನ ಮೇಲೆ ಅಚ್ಚಾದ ಹೆಸರನ್ನು ಬದಲಾಯಿಸಿದರೆ ಖರ್ಚಿನ ಜೊತೆಗೆ ಗ್ರಾಹಕರೂ ಕೈತಪ್ಪುತ್ತಾರೆ. ಆದುದರಿಂದ ಬಿತ್ತನೆ ಬೀಜ ಆರಿಸುವಷ್ಟೇ ಎಚ್ಚರಿಕೆ ಇಲ್ಲಿಯೂ ಅವಶ್ಯಕ.

ಹೆಸರು ಹೇಗಿರಬೇಕು?

ಹೆಸರು ಚಿಕ್ಕದಾಗಿದ್ದು, ಕೇಳಿದ ಕೂಡಲೇ ಬರೆಯುವಂತಿರಬೇಕು. ನಿಯಮದ ಪ್ರಕಾರ ಚುಕ್ಕೆಯ ಹಿಂದಿನ ಭಾಗದಲ್ಲಿ 63 ಅಕ್ಷರಗಳವರೆಗೆ ಅವಕಾಶವಿದ್ದರೂ ಎರಡು ಸಣ್ಣ ಪದಗಳು ಸಾಕು. ಅಂಕಿ ಮತ್ತು ಅಡ್ಡಗೆರೆಗಳನ್ನು ಬಾಯಿಮಾತಿನಲ್ಲಿ ಹೇಳುವುದು ಕಷ್ಟವಾದ್ದರಿಂದ ಅವನ್ನು ಬಿಡುವುದು ಒಳ್ಳೆಯದು.

ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಒಂದು ತೊಡಕು ಉಂಟು. ‘ಗಾಣ’ ಎಂಬುದನ್ನು ಕೆಲವರು ಒಂದು ‘ಎ’ ಹಾಕಿಯೂ, ಕೆಲವರು ಎರಡು ‘ಎ’ ಹಾಕಿಯೂ ಬರೆಯುತ್ತಾರೆ. ಓದುವವರಿಗೆ ಅದು ‘ಗಾನ’ ಆದರೂ ಆಯಿತು! ಇಂತಹ ಪದವನ್ನು ಬಿಡಲಾಗದಿದ್ದರೆ ಎರಡೂ ಕಾಗುಣಿತಗಳನ್ನು ನೋಂದಾಯಿಸತಕ್ಕದ್ದು. ‘.ಭಾರತ’ ಎಂದು ಕೊನೆಯಾಗುವ, ಪೂರ್ಣ ಕನ್ನಡ ಲಿಪಿಯ ವಿಳಾಸವೂ ದೊರೆಯುತ್ತದೆ. ಅದರಲ್ಲಿ ಈ ಗೊಂದಲವಿಲ್ಲ. ಆದರೆ ಫೋನಿನಲ್ಲಿ ಕನ್ನಡ ಕೀಲಿಮಣೆ ಇಲ್ಲದವರಿಗಾಗಿ ಇಂಗ್ಲಿಷ್ ಅಕ್ಷರಗಳ ವಿಳಾಸವೂ ಜೊತೆಗಿರಲಿ.

ಊರಿನ ಹೆಸರನ್ನು ಸೇರಿಸುವಾಗಲೂ ಯೋಚಿಸಬೇಕು. ‘ವಿಜಯನಗರ’ ಎಂದರೆ ಬೆಂಗಳೂರಿನ ಬಡಾವಣೆಯೂ ಹೌದು, 2021ರಲ್ಲಿ ರಚನೆಯಾದ ಜಿಲ್ಲೆಯೂ ಹೌದು. ‘ಶುದ್ಧ ಎಣ್ಣೆ’ಯಂತಹ ಬರೀ ಪದಾರ್ಥದ ಹೆಸರಿಗೆ 1999ರ ವ್ಯಾಪಾರ ಚಿಹ್ನೆ ಕಾಯಿದೆಯಡಿ ರಕ್ಷಣೆ ಸಿಗುವುದು ಕಷ್ಟ. ತೋಟ, ಬಾವಿ ಅಥವಾ ಮನೆತನದ ವಿಶಿಷ್ಟ ಹೆಸರೊಂದನ್ನು ಪದಾರ್ಥದ ಹೆಸರಿಗೆ ಜೋಡಿಸುವುದು ಮೇಲು.

ಇತರರ ಹೆಸರನ್ನು ಹೋಲಬಾರದು

ಸತ್ಯಂ ಇನ್ಫೋವೇ ಕಂಪನಿಯು 1999ರಲ್ಲಿ ‘ಸಿಫಿ’ ಪದವಿರುವ ವಿಳಾಸಗಳನ್ನು ನೋಂದಾಯಿಸಿತ್ತು. 2001ರಲ್ಲಿ ಮತ್ತೊಂದು ಕಂಪನಿಯು ಒಂದು ‘ಎಫ್’ ಹೆಚ್ಚಿಸಿ ‘ಸಿಫ್ಫಿ’ ಎಂದು ಆರಂಭಿಸಿತು. ಇದು ತನ್ನ ಐವರು ಪ್ರವರ್ತಕರ ಹೆಸರುಗಳ ಮೊದಲಕ್ಷರಗಳಿಂದಾದ ಪದವೆಂದು ಅದು ವಾದಿಸಿತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ನೀಡಿದ ತಾತ್ಕಾಲಿಕ ತಡೆಯಾಜ್ಞೆಯನ್ನು ಉಚ್ಚ ನ್ಯಾಯಾಲಯ ತೆಗೆದುಹಾಕಿತಾದರೂ, 2004ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಮತ್ತೆ ಎತ್ತಿಹಿಡಿಯಿತು. ಡೊಮೇನ್ ಹೆಸರಿಗೂ ವ್ಯಾಪಾರ ಚಿಹ್ನೆಯ ಗುಣಗಳಿರಬಹುದೆಂದು ತೀರ್ಪು ಹೇಳಿತು. ವಿಳಾಸ ಖಾಲಿ ಇದ್ದ ಮಾತ್ರಕ್ಕೆ ಹಕ್ಕು ಬಂದಂತಾಗುವುದಿಲ್ಲ ಎಂಬುದು ಇದರಿಂದ ಸ್ಪಷ್ಟ.

ನೋಂದಣಿ ಕ್ರಮ

1. ವ್ಯಾಪಾರ ಚಿಹ್ನೆ ನೋಂದಣಿ ಇಲಾಖೆಯ ಜಾಲತಾಣದಲ್ಲಿ ಹೆಸರನ್ನು ಹುಡುಕಿ ನೋಡಬೇಕು. ಖಾದ್ಯ ತೈಲ 29ನೇ ವರ್ಗಕ್ಕೂ, ಹಿಟ್ಟು 30ನೇ ವರ್ಗಕ್ಕೂ ಸೇರುತ್ತವೆ.

2. ಸ್ಥಳೀಯ ಮಾರಾಟಕ್ಕೆ ‘ಡಾಟ್ ಇನ್’ ಸಾಕು. ಇದನ್ನು ನಿರ್ವಹಿಸುವುದು ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ನೋಂದಾಯಿಸಿಕೊಡುವವರು ಅದರ ಮಾನ್ಯತೆ ಪಡೆದ ಸಂಸ್ಥೆಗಳು.

3. ನೋಂದಣಿ ರೈತರ ಸ್ವಂತ ಹೆಸರು, ಫೋನ್ ಮತ್ತು ಇ-ಮೇಲ್‌ನಲ್ಲಿಯೇ ಇರತಕ್ಕದ್ದು. ಜಾಲತಾಣ ಮಾಡಿಕೊಡುವವರ ಹೆಸರಿನಲ್ಲಿದ್ದರೆ, ಅವರೊಡನೆ ಮನಸ್ತಾಪ ಬಂದ ದಿನ ವಿಳಾಸವೂ ಹೋದೀತು.

4. ಹೆಸರು ಶಾಶ್ವತ ಆಸ್ತಿಯಲ್ಲ. 1ರಿಂದ 10 ವರ್ಷದ ಅವಧಿಗೆ ದೊರೆಯುತ್ತದೆ. ನವೀಕರಿಸದಿದ್ದಲ್ಲಿ ಬೇರೆಯವರು ಪಡೆಯಬಹುದು. ಮೊದಲ ವರ್ಷದ ದರದ ಜೊತೆಗೆ ನವೀಕರಣದ ದರವನ್ನೂ ಮೊದಲೇ ವಿಚಾರಿಸಬೇಕು.

5. ಹಳೆಯ ಬಿಲ್ಲು, ಲೇಬಲ್ಲುಗಳನ್ನು ದಿನಾಂಕ ಸಹಿತ ಕಾದಿಡಬೇಕು. ತಕರಾರು ಬಂದಾಗ ಹೆಸರನ್ನು ಮೊದಲು ಬಳಸಿದವರು ಯಾರೆಂಬುದಕ್ಕೆ ಇವೇ ಆಧಾರ.

ಕೊನೆಯದಾಗಿ ಒಂದು ಸರಳ ಪರೀಕ್ಷೆ: ಲೇಬಲ್ ಅಚ್ಚು ಹಾಕಿಸುವ ಮೊದಲು ಪರಿಚಯದ ಐದು ಮಂದಿಗೆ ಫೋನ್ ಮಾಡಿ, ವಿಳಾಸವನ್ನು ಒಂದೇ ಸಲ ಹೇಳಿ, ಬರೆದು ಕಳುಹಿಸಲು ಕೇಳಬೇಕು. ಐವರೂ ಸರಿಯಾಗಿ ಬರೆದರೆ ಆ ಹೆಸರು ಪೇಟೆಗೆ ಸಿದ್ಧವೆಂದು ತಿಳಿಯಬಹುದು.