ಮೋಟಾರಿಗೊಂದು ತಿದಿ

ಕೂಡ್ಲಿಗಿ, ಕೊಟ್ಟೂರು, ಹಡಗಲಿಗಳ ಸುತ್ತಿನ ಹಳ್ಳಿಗಳಲ್ಲಿ ಕಮ್ಮಾರನ ಕುಲುಮೆಯನ್ನು ಕಂಡವರಿಗೆ ಒಂದು ಸಂಗತಿ ತಿಳಿದೇ ಇದೆ: ಇದ್ದಲನ್ನು ಎಷ್ಟು ಸುರಿದರೂ ತಿದಿಯನ್ನು ಒತ್ತದೆ ಕಬ್ಬಿಣವು ಕೆಂಪೇರದು. ಉರಿಗೆ ಇದ್ದಲಿನಂತೆಯೇ ಗಾಳಿಯೂ ಆಹಾರ. ಈ ತತ್ತ್ವವನ್ನೇ ಜರ್ಮನಿಯ ಡೈಮ್ಲರ್-ಬೆನ್ಜ್ ಸಂಸ್ಥೆಯು ಎರಡು ಮಹಾಯುದ್ಧಗಳ ನಡುವೆ ತನ್ನ ವೈಭವದ ಮೋಟಾರು ಗಾಡಿಗಳಿಗೆ ಅಳವಡಿಸಿತು. ೧೯೩೬ರಲ್ಲಿ ಪ್ಯಾರಿಸಿನ ಪ್ರದರ್ಶನಕ್ಕೆ ಬಂದ ‘ಮರ್ಸಿಡಿಸ್-ಬೆನ್ಜ್ ೫೪೦ ಕೆ’ ಇವುಗಳಲ್ಲಿ ಪ್ರಸಿದ್ಧವಾದುದು. ‘ಕೆ’ ಎಂಬುದು ‘ಕಾಂಪ್ರೆಸ್ಸರ್’, ಎಂದರೆ ಗಾಳಿಯನ್ನು ಒತ್ತುವ ಉಪಕರಣ, ಎಂಬುದರ ಸಂಕೇತ.

ಇಂತಹ ಉಪಕರಣವೇಕೆ ಬೇಕು? ಲೆಕ್ಕ ಹಾಕಿ ನೋಡೋಣ. ಈ ಗಾಡಿಯ ಎಂಟು ಸಿಲಿಂಡರುಗಳ ಒಟ್ಟು ಗಾತ್ರ ೫.೪ ಲೀಟರು. ನಾಲ್ಕು ಹೊಡೆತದ ಯಂತ್ರದಲ್ಲಿ ಪ್ರತಿ ಸಿಲಿಂಡರೂ ಎರಡು ಸುತ್ತಿಗೊಮ್ಮೆ ಉಸಿರೆಳೆಯುತ್ತದೆ. ಯಂತ್ರವು ನಿಮಿಷಕ್ಕೆ ೩,೪೦೦ ಸುತ್ತು ತಿರುಗಿದರೆ ಒಳಗೆ ಹೋಗಬಹುದಾದ ಗಾಳಿ ೧,೭೦೦ × ೫.೪ = ೯,೧೮೦ ಲೀಟರು. ಲೀಟರಿಗೆ ೧.೨ ಗ್ರಾಮಿನಂತೆ ಇದರ ತೂಕ ಸುಮಾರು ೧೧ ಕಿಲೋಗ್ರಾಂ. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು ೧೫ ಕಿಲೋಗ್ರಾಂ ಗಾಳಿ ಬೇಕಾದುದರಿಂದ, ನಿಮಿಷಕ್ಕೆ ಮುಕ್ಕಾಲು ಕಿಲೋಗ್ರಾಮಿಗಿಂತ ಹೆಚ್ಚು ಪೆಟ್ರೋಲನ್ನು ಈ ಯಂತ್ರವು ಪೂರ್ಣವಾಗಿ ಉರಿಸಲಾರದು. ಅದಕ್ಕೂ ಹೆಚ್ಚು ಸುರಿದರೆ ಹೊಗೆಯಾದೀತೇ ಹೊರತು ಬಲವಾಗದು. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳಂತೆ ಸಮುದ್ರಮಟ್ಟಕ್ಕಿಂತ ಐನೂರು ಆರುನೂರು ಮೀಟರು ಎತ್ತರದ ನಾಡಿನಲ್ಲಿ ಗಾಳಿಯು ತುಸು ತೆಳುವಾಗಿರುವುದರಿಂದ ಈ ಮಿತಿಯು ಇನ್ನಷ್ಟು ಕುಗ್ಗುತ್ತದೆ.

ಇದಕ್ಕೆ ಪರಿಹಾರವೇ ತಿದಿ. ಎರಡು ಬೀಜದ ಶೇಂಗಾಕಾಯಿಯ ಆಕಾರದ ಎರಡು ತಿರುಗಣೆಗಳು ಒಂದು ಪೆಟ್ಟಿಗೆಯೊಳಗೆ ಒಂದಕ್ಕೊಂದು ತಾಗದಂತೆ ಎದುರುಬದುರಾಗಿ ಸುತ್ತಿ ಗಾಳಿಯನ್ನು ಮುಂದಕ್ಕೆ ನೂಕುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ರೂಟ್ಸ್ ಸೋದರರು ರೂಪಿಸಿದ ಈ ಬಗೆಯ ಉಪಕರಣವು ಮೊದಲು ಕಬ್ಬಿಣದ ಕುಲುಮೆಗಳಿಗೂ ಗಾಳಿಯೂದುತ್ತಿದ್ದಿತೆಂಬುದು ಸ್ವಾರಸ್ಯಕರ. ೫೪೦ ಕೆ ಗಾಡಿಯಲ್ಲಿ ಚಾಲಕನು ವೇಗದ ಮೆಟ್ಟನ್ನು ಪೂರ್ತಿಯಾಗಿ ತುಳಿದಾಗ ಮಾತ್ರ ಇದು ಯಂತ್ರದೊಡನೆ ಕೂಡಿಕೊಳ್ಳುತ್ತಿದ್ದಿತು. ಆಗ ೧೧೫ ಅಶ್ವಶಕ್ತಿಯು ೧೮೦ಕ್ಕೆ ಏರುತ್ತಿದ್ದಿತು.

ಹಾಗಾದರೆ ಸದಾ ತುಳಿದೇ ಇರಬಾರದೇಕೆ? ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡವು ಬಿಸಿಯಾಗುವುದನ್ನು ಮುಟ್ಟಿ ನೋಡಿರಿ. ಒತ್ತಿದ ಗಾಳಿ ಕಾಯುತ್ತದೆ. ಹೆಚ್ಚು ಪೆಟ್ರೋಲು ಉರಿದು ಯಂತ್ರವೂ ಕಾಯುತ್ತದೆ. ಕಾವು ಮಿತಿಮೀರಿದರೆ ಪೆಟ್ರೋಲಿನ ಮಿಶ್ರಣವು ಅಕಾಲದಲ್ಲಿ ಸಿಡಿದು ಪಿಸ್ಟನ್ನುಗಳಿಗೆ ಹಾನಿಯಾಗಬಹುದು. ಅಲ್ಲದೆ ತಿದಿಯನ್ನು ತಿರುಗಿಸುವ ಶಕ್ತಿಯೂ ಯಂತ್ರದಿಂದಲೇ ಬರಬೇಕು. ಆದುದರಿಂದ ದಿಬ್ಬವೇರಲು, ಮುಂದಿನ ಗಾಡಿಯನ್ನು ದಾಟಲು ಮಾತ್ರ, ಅದೂ ಸ್ವಲ್ಪ ಹೊತ್ತು, ಈ ಬಲವನ್ನು ಬಳಸಬೇಕಾಗಿದ್ದಿತು. ಎಷ್ಟು ಹಣ ತೆತ್ತು ಗಾಡಿಯನ್ನು ಕೊಂಡರೂ ಶಾಖದ ನಿಯಮಕ್ಕೆ ರಿಯಾಯಿತಿಯಿಲ್ಲ.

೧೯೩೯ರಲ್ಲಿ ಮಹಾಯುದ್ಧವು ಆರಂಭವಾಯಿತು. ಇಂತಹ ಗಾಡಿಗಳ ಕಾಲವೂ ಮುಗಿಯಿತು. ಆದರೆ ತತ್ತ್ವವು ಉಳಿದಿದೆ. ಇಂದು ಕೂಡ್ಲಿಗಿಯ ಮೂಲಕ ಹೊಸಪೇಟೆ-ಚಿತ್ರದುರ್ಗ ಹೆದ್ದಾರಿಯಲ್ಲಿ ಸಾಗುವ ಡೀಸೆಲ್ ಲಾರಿಗಳಲ್ಲಿಯೂ ಇಂತಹ ತಿದಿಯಿದೆ. ಅದನ್ನು ತಿರುಗಿಸುವುದು ವ್ಯರ್ಥವಾಗಿ ಹೊರಹೋಗುವ ಬಿಸಿ ಅನಿಲ; ಒತ್ತಿದ ಗಾಳಿಯನ್ನು ತಣಿಸಿ ಒಳಬಿಡುವ ಏರ್ಪಾಡೂ ಉಂಟು. ತಣಿಸುವುದರಿಂದ ಲಾಭವೇನು? ಒತ್ತಡವು ಬದಲಾಗದಿದ್ದಾಗ ಅನಿಲದ ಉಷ್ಣತೆಗೂ ಸಾಂದ್ರತೆಗೂ ಇರುವ ಸಂಬಂಧವನ್ನು ನೆನೆದು ವಿದ್ಯಾರ್ಥಿಗಳೇ ಉತ್ತರಿಸಲಿ.