ಚೆನ್ನೈ ನಗರ

ನಮ್ಮ ರಾಜ್ಯದ ರಾಜಧಾನಿ ಚೆನ್ನೈ. ಇದು ಬಂಗಾಳ ಕೊಲ್ಲಿಯ ದಡದಲ್ಲಿದೆ. ಇದಕ್ಕೆ ಮದರಾಸು ಎಂಬ ಹೆಸರಿತ್ತು. 1996ರಲ್ಲಿ ಚೆನ್ನೈ ಎಂದಾಯಿತು. 1639ರಲ್ಲಿ ಆಂಗ್ಲ ವರ್ತಕರು ಇಲ್ಲಿ ಕಡಲ ದಡದ ಜಾಗವನ್ನು ಪಡೆದು, ಕೋಟೆಯನ್ನು ಕಟ್ಟತೊಡಗಿದರು. ಅದರ ಸುತ್ತಲೂ ನಗರ ಬೆಳೆಯಿತು.

ಧರ್ಮಪುರಿ, ಸೇಲಂ ಕಡೆ ಎತ್ತ ನೋಡಿದರೂ ಬೆಟ್ಟಗಳು ಕಾಣುತ್ತವೆ. ಚೆನ್ನೈ ಹಾಗಲ್ಲ, ಅದು ಬಹುಮಟ್ಟಿಗೆ ಸಮತಟ್ಟಾದ ಬಯಲು. ಕೂವಂ, ಅಡಯಾರು ಎಂಬ ನದಿಗಳು ನಗರದ ನಡುವೆ ಹರಿದು ಕಡಲನ್ನು ಸೇರುತ್ತವೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಾರುತದಿಂದ ಇಲ್ಲಿ ಹೆಚ್ಚು ಮಳೆ ಬೀಳುತ್ತದೆ. 2015ರ ಡಿಸೆಂಬರ್‌ನಲ್ಲಿ ಮಳೆ ಮಿತಿಮೀರಿ ಅಡಯಾರು ಉಕ್ಕಿತು. ಮನೆಗಳಿಗೆ ನೀರು ನುಗ್ಗಿತು.

1901ರಲ್ಲಿ ಈ ನಗರದಲ್ಲಿ ಸುಮಾರು 5 ಲಕ್ಷ ಜನರಿದ್ದರು. 2011ರ ಜನಗಣತಿಯಲ್ಲಿ ಚೆನ್ನೈ ಜಿಲ್ಲೆಯ ಜನಸಂಖ್ಯೆ 46 ಲಕ್ಷಕ್ಕೂ ಹೆಚ್ಚು. ಆಗ ಧರ್ಮಪುರಿ ಜಿಲ್ಲೆಯಲ್ಲಿ ಒಂದು ಚದರ ಕಿ.ಮೀ. ಜಾಗದಲ್ಲಿ ಸುಮಾರು 335 ಜನರಿದ್ದರು. ಚೆನ್ನೈಯಲ್ಲಿ ಅಷ್ಟೇ ಜಾಗದಲ್ಲಿ 26,000ಕ್ಕೂ ಹೆಚ್ಚು ಜನ! ಅದೇ ವರ್ಷ ಸುತ್ತಲಿನ ಊರುಗಳನ್ನು ಸೇರಿಸಿದ್ದರಿಂದ ನಗರದ ವಿಸ್ತೀರ್ಣ 426 ಚದರ ಕಿ.ಮೀ. ಆಯಿತು.

ಇಷ್ಟು ಜನರಿಗೆ ಕುಡಿಯುವ ನೀರು ಎಲ್ಲಿಂದ ಬರಬೇಕು? ಪಕ್ಕದಲ್ಲೇ ಕಡಲಿದೆ, ಆದರೆ ಅದರ ನೀರು ಉಪ್ಪು. ಉಪ್ಪನ್ನು ಬೇರ್ಪಡಿಸುವ ಸ್ಥಾವರಗಳು ಈಗ ಇವೆ. ಆದರೆ ಅವು ಕೊಡುವ ನೀರು ನಗರಕ್ಕೆಲ್ಲ ಸಾಲದು. ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಕೆರೆಗಳು ಮಳೆ ಬಂದರೆ ತುಂಬುತ್ತವೆ. ಆಂಧ್ರ ಪ್ರದೇಶದಿಂದ ಕೃಷ್ಣಾ ನದಿಯ ನೀರೂ ಕಾಲುವೆಯಲ್ಲಿ ಪೂಂಡಿಗೆ ಬರುತ್ತದೆ.

ಮಕ್ಕಳೇ, ಚೆನ್ನೈಯ ಜನ ನಮ್ಮ ಕಾವೇರಿಯ ನೀರನ್ನೂ ಕುಡಿಯುತ್ತಾರೆ. ಧರ್ಮಪುರಿ ಜಿಲ್ಲೆಯ ಹೊಗೇನಕಲ್ಲಿನಲ್ಲಿ ಧುಮುಕುವ ಕಾವೇರಿ, ಸೇಲಂ ಜಿಲ್ಲೆಯ ಮೇಟ್ಟೂರು ಅಣೆಕಟ್ಟಿನಲ್ಲಿ ನಿಲ್ಲುತ್ತದೆ. (ಬಂಡೆಗಳ ಮೇಲೆ ಏಳುವ ತುಂತುರು ಹೊಗೆಯಂತೆ ಕಾಣುವುದರಿಂದ ಹೊಗೇನಕಲ್ ಎಂಬ ಹೆಸರು.) ಮೇಟ್ಟೂರಿನಿಂದ ಬಿಟ್ಟ ನೀರು ಕಡಲೂರು ಜಿಲ್ಲೆಯ ವೀರಾಣಂ ಕೆರೆಗೂ ಹೋಗುತ್ತದೆ. ಇದು ಚೋಳರ ಕಾಲದ ಕೆರೆ. 2004ರಿಂದ ಅಲ್ಲಿನ ನೀರನ್ನು ದೊಡ್ಡ ಕೊಳವೆಗಳಲ್ಲಿ 200 ಕಿ.ಮೀ.ಗೂ ಹೆಚ್ಚು ದೂರದ ಚೆನ್ನೈಗೆ ಕಳುಹಿಸುತ್ತಿದ್ದಾರೆ.

2018ರಲ್ಲಿ ಈಶಾನ್ಯ ಮಾರುತದ ಮಳೆ ಕಡಿಮೆಯಾಯಿತು. 2019ರ ಬೇಸಿಗೆಯಲ್ಲಿ ಚೆನ್ನೈಯ ಕೆರೆಗಳು ಒಣಗಿದವು. ಜನ ಬಿಂದಿಗೆಗಳನ್ನು ಹಿಡಿದು ಲಾರಿಗಳಿಗಾಗಿ ಕಾದರು. ಆಗ ಮೇಟ್ಟೂರಿನಿಂದ ಕೊಳವೆಯಲ್ಲಿ ಜೋಲಾರಪೇಟೆಯ ಕಡೆಗೆ ಬರುತ್ತಿದ್ದ ಕಾವೇರಿ ನೀರನ್ನು ರೈಲಿಗೆ ತುಂಬಿದರು. ಜುಲೈ 12ರಂದು 50 ಟ್ಯಾಂಕುಗಳಲ್ಲಿ ಸುಮಾರು 25 ಲಕ್ಷ ಲೀಟರ್ ನೀರನ್ನು ಹೊತ್ತ ಮೊದಲ ರೈಲು ಚೆನ್ನೈಯ ವಿಲ್ಲಿವಾಕ್ಕಂ ನಿಲ್ದಾಣವನ್ನು ತಲುಪಿತು.

ಮಾಡಿ ನೋಡು: ತಮಿಳುನಾಡಿನ ನಕ್ಷೆಯಲ್ಲಿ ಹೊಗೇನಕಲ್, ಮೇಟ್ಟೂರು, ವೀರಾಣಂ, ಚೆನ್ನೈ ಇವುಗಳನ್ನು ಗುರುತಿಸು. ನೀರು ಸಾಗುವ ದಾರಿಗೆ ನೀಲಿ ಬಣ್ಣ ಹಚ್ಚು.