ಹಿತ್ತಿಲ ಕೋಳಿಗೆ ಕಾಯಿಲೆ ಬಂದಾಗ

ಭಾನುವಾರದ ಸಂತೆಯಿಂದ ಹೆಸರು ಪಡೆದ ಇತವಾರಿಯು ನಾಗಪುರದ ಕಾಳುಕಡಿ, ಬಟ್ಟೆ, ಕಿರಾಣಿ ಸಾಮಾನುಗಳ ಹಳೆಯ ಸಗಟು ಪೇಟೆ. ಅಲ್ಲಿನ ಇಕ್ಕಟ್ಟಾದ ಓಣಿಗಳಲ್ಲಿಯೂ ಮನೆಯ ಹಿಂದೆ ಅಂಗೈಯಗಲ ಅಂಗಳ ಉಳಿದಿದ್ದರೆ ನಾಲ್ಕಾರು ಕೋಳಿಗಳನ್ನು ಸಾಕಿಕೊಳ್ಳಬಹುದು. ಊರಿನ ಹಿತ್ತಿಲನ್ನು ಬಿಟ್ಟು ಬಂದ ಕನ್ನಡ ಕುಟುಂಬಕ್ಕೆ ಅವುಗಳ ಸದ್ದೂ ಪ್ರಿಯ, ಮೊಟ್ಟೆಯೂ ಪ್ರಿಯ. ಆದರೆ ಅವುಗಳಲ್ಲೊಂದು ಕಾಳಿಗೆ ಓಡಿಬಾರದೆ, ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತ ನಿಂತ ದಿನ ಮನೆಯಲ್ಲಿ ಮೊದಲು ಕೇಳಿಬರುವ ಮಾತು, "ಸಾಯುವ ಮುಂಚೆ ಕೊಯ್ದುಬಿಡಿ" ಎಂಬುದು. ಮಿತವ್ಯಯದಿಂದ ಹುಟ್ಟಿದ ಈ ಮಾತು ಅತ್ಯಂತ ಅಪಾಯಕರವಾದುದು. ಬಂದಿರುವುದು ಮನೆಯಲ್ಲಿಯೇ ವಾಸಿಯಾಗಬಹುದಾದ ಸಣ್ಣ ತೊಂದರೆಯೋ ಮುಟ್ಟಲೂ ಬಾರದ ಸಾಂಕ್ರಾಮಿಕವೋ ಎಂಬುದು ತಿಳಿಯುವ ಮೊದಲೇ ಕತ್ತಿ ಎತ್ತಿದಂತಾಗುತ್ತದೆ.

ಕೋಳಿಯು ಬೇಟೆಗೆ ಗುರಿಯಾಗುವ ಪಕ್ಷಿಯಾದ್ದರಿಂದ ತನ್ನ ನಿತ್ರಾಣವನ್ನು ಶಕ್ಯವಿದ್ದಷ್ಟು ಕಾಲ ಬಚ್ಚಿಡುತ್ತದೆ. ಅದರ ಕಾಯಿಲೆ ಮನುಷ್ಯನ ಕಣ್ಣಿಗೆ ಬೀಳುವಷ್ಟರಲ್ಲಿ ಒಂದೆರಡು ದಿನಗಳು ಕಳೆದಿರುತ್ತವೆ. ಆದುದರಿಂದ ಪ್ರತಿದಿನ ಬೆಳಿಗ್ಗೆ ಗೂಡಿನ ಬಾಗಿಲು ತೆರೆದಾಗ ಯಾವುದು ಹಿಂದೆ ಉಳಿಯಿತು ಎಂದು ನೋಡುವ ಅಭ್ಯಾಸ ಒಳ್ಳೆಯದು. ಸಂಶಯ ಬಂದೊಡನೆ ಆ ಕೋಳಿಯನ್ನು ಬೇರೆ ಮಾಡಬೇಕು. ಬಿದಿರಿನ ಬುಟ್ಟಿಯಾಗಲಿ, ಗಾಳಿಯಾಡುವ ಪೆಟ್ಟಿಗೆಯಾಗಲಿ ಸಾಕು. ತಳಕ್ಕೆ ಹಳೆಯ ವೃತ್ತಪತ್ರಿಕೆ ಹಾಸಿದರೆ ಹಿಕ್ಕೆಯ ಬಣ್ಣ ಸ್ಪಷ್ಟವಾಗಿ ಕಾಣುತ್ತದೆ. ಆರೋಗ್ಯವಾಗಿರುವ ಕೋಳಿಗಳಿಗೆ ಮೊದಲು ನೀರು ಕಾಳು ಕೊಟ್ಟು, ರೋಗಿಯ ಬಳಿಗೆ ಕೊನೆಯಲ್ಲಿ ಹೋಗಿ, ಬಳಿಕ ಸಾಬೂನಿನಿಂದ ಕೈ ತೊಳೆಯುವುದು ಅವಶ್ಯ.

ಹಿಕ್ಕೆಯ ವಿಷಯದಲ್ಲಿ ಅನೇಕರು ಮೋಸಹೋಗುತ್ತಾರೆ. ಕಂದುಬಣ್ಣದ ಹಿಕ್ಕೆಯ ಮೇಲೆ ಬಿಳಿಯ ಲೇಪವಿರುವುದು ಸಹಜ. ಅದು ಕೋಳಿಯ ಮೂತ್ರದ ಅಂಶ. ದಿನಕ್ಕೆ ಕೆಲವು ಬಾರಿ ಬೀಳುವ, ಅಂಟಂಟಾದ, ಹೆಚ್ಚು ನಾರುವ ಹಿಕ್ಕೆಯೂ ಭೇದಿಯಲ್ಲ. ಪೂರಾ ನೀರಾಗಿದ್ದರೆ, ಹಸಿರಾಗಿದ್ದರೆ ಅಥವಾ ರಕ್ತ ಬೆರೆತಿದ್ದರೆ ಮಾತ್ರ ಚಿಂತಿಸಬೇಕು. ಎಳೆಯ ಮರಿಗಳಲ್ಲಿ ರಕ್ತ ಕಂಡರೆ ಅದು ಬಹುಮಟ್ಟಿಗೆ ಕಾಕ್ಸಿಡಿಯಾ ಎಂಬ ಏಕಕೋಶಜೀವಿಯಿಂದ ಬರುವ ರಕ್ತಭೇದಿ. ಒದ್ದೆಯಾದ ಹಾಸಿನಲ್ಲಿ ಅದು ಬೆಳೆಯುತ್ತದೆ. ವೈದ್ಯರ ಔಷಧಿಗೆ ಬಗ್ಗುತ್ತದೆ.

ಮನೆಯಲ್ಲಿ ಪರೀಕ್ಷಿಸುವುದಕ್ಕೆ ಅತ್ಯಂತ ಉಪಯುಕ್ತವಾದ ಅಂಗವೆಂದರೆ ಕತ್ತಿನ ಬುಡದಲ್ಲಿರುವ ಕಾಳಿನ ಚೀಲ. ಸಂಜೆ ಅದು ತುಂಬಿ ಉಬ್ಬಿರಬೇಕು. ಬೆಳಿಗ್ಗೆ ಕಾಳು ಹಾಕುವ ಮೊದಲು ಬರಿದಾಗಿರಬೇಕು. ಬೆಳಿಗ್ಗೆಯೂ ಗಟ್ಟಿ ಉಂಡೆಯಂತಿದ್ದರೆ ಏನೋ ಸಿಕ್ಕಿಕೊಂಡಿದೆಯೆಂದು ಅರ್ಥ. ಪೇಟೆಯ ನೆರೆಯಲ್ಲಿ ಗೋಣಿಚೀಲದ ನಾರು, ಹೊಲಿಗೆಯ ದಾರ, ಪ್ಲಾಸ್ಟಿಕ್ ಚೂರುಗಳಿಗೆ ಕೊರತೆಯೆಲ್ಲಿ? ಅಂಥ ಕೋಳಿಗೆ ಒಂದು ದಿನ ನೀರನ್ನು ಮಾತ್ರ ಕೊಟ್ಟು, ದಿನಕ್ಕೆ ಮೂರು ನಾಲ್ಕು ಬಾರಿ ಮೃದುವಾಗಿ ನೀವಬಹುದು. ತಲೆಕೆಳಗು ಮಾಡಿ ಹಿಂಡಬಾರದು; ನೀರನ್ನು ಕೊಕ್ಕಿನೊಳಗೆ ಒತ್ತಾಯದಿಂದ ಸುರಿಯಲೂ ಬಾರದು. ಕೋಳಿಯ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲಿಯೇ ಇರುವುದರಿಂದ ನೀರು ಪುಪ್ಪುಸಕ್ಕೆ ಇಳಿದು ಪ್ರಾಣವೇ ಹೋಗಬಹುದು. ಕೊಕ್ಕಿನ ತುದಿಗೆ ಒಂದೊಂದೇ ಹನಿ ತಾಕಿಸಿದರೆ ಅದೇ ನುಂಗುತ್ತದೆ.

ಮೊಟ್ಟೆಯಿಡಲು ತಿಣುಕುತ್ತ, ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ, ನೆಟ್ಟಗೆ ನಿಲ್ಲುವ ಹೇಂಟೆಯ ಒಳಗೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಸುಣ್ಣದಂಶ ಬೇಕಾಗುತ್ತದೆ. ಬರಿಯ ಅಕ್ಕಿ ನುಚ್ಚು ತಿಂದ ಕೋಳಿಗೆ ಅದು ಎಲ್ಲಿಂದ ಬರಬೇಕು? ಉಗುರುಬೆಚ್ಚಗಿನ ನೀರಿನಲ್ಲಿ ಹೊಟ್ಟೆ ಮುಳುಗುವಂತೆ ಹದಿನೈದು ಇಪ್ಪತ್ತು ನಿಮಿಷ ಕೂರಿಸಿ, ಒರೆಸಿ, ಬೆಚ್ಚನೆಯ ಕತ್ತಲಲ್ಲಿ ಬಿಟ್ಟರೆ ಎಷ್ಟೋ ವೇಳೆ ಮೊಟ್ಟೆ ಹೊರಬೀಳುತ್ತದೆ. ಒಳಗೇ ಒಡೆಯುವ ಸಾಹಸ ಕೂಡದು. ಕೆಲವು ಗಂಟೆಗಳಲ್ಲಿ ಫಲ ಕಾಣದಿದ್ದರೆ ವೈದ್ಯರೇ ಗತಿ.

ಇನ್ನು ನಾಗಪುರದ ಬೇಸಿಗೆ. ಮೇ ತಿಂಗಳಲ್ಲಿ ಉಷ್ಣಾಂಶ 45 ಡಿಗ್ರಿಯನ್ನು ಮುಟ್ಟುವ ಈ ನಗರದಲ್ಲಿ, ಬೆವರುಗ್ರಂಥಿಗಳೇ ಇಲ್ಲದ, ಮೈಯ ಸಹಜ ಶಾಖವೇ 41 ಡಿಗ್ರಿಗೂ ಮೀರಿರುವ ಕೋಳಿಗೆ ಬಾಯಿ ತೆರೆದು ಏದುವುದೊಂದೇ ಉಪಾಯ. ಮಧ್ಯಾಹ್ನ ಎಲ್ಲ ಕೋಳಿಗಳೂ ಏದುತ್ತಿದ್ದರೆ ಅದು ಸೆಕೆ; ನೆರಳು, ಮಣ್ಣಿನ ಪಾತ್ರೆಯ ತಣ್ಣೀರು, ಒದ್ದೆ ಗೋಣಿಯ ಪರದೆ ಸಾಕು. ತಂಪಾದ ಬೆಳಿಗ್ಗೆಯೂ ಒಂದೇ ಕೋಳಿ ಕತ್ತು ಚಾಚಿ, ಗೊರಗೊರ ಸದ್ದಿನೊಡನೆ ಉಸಿರೆಳೆಯುತ್ತಿದ್ದರೆ ಅದು ರೋಗ.

ಕಾಳಿನ ಪೇಟೆಯ ಸಮೀಪವಾಸಕ್ಕೆ ಇನ್ನೊಂದು ಅಪಾಯವೂ ಉಂಟು. ಮಳೆಯಲ್ಲಿ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ, ಶೇಂಗಾ ಹಿಂಡಿಗಳು ಅಗ್ಗವಾಗಿ ಸಿಗುತ್ತವೆ. "ಮನುಷ್ಯರಿಗಾಗದಿದ್ದರೆ ಕೋಳಿಗಾಯಿತು" ಎಂದು ತರುವವರಿದ್ದಾರೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತುವು. ಬ್ರೆಜಿಲಿನಿಂದ ತರಿಸಿದ ಶೇಂಗಾ ಹಿಂಡಿಯ ಬೂಷ್ಟಿನಲ್ಲಿದ್ದ ವಿಷವೇ ಕಾರಣವೆಂದು ಮುಂದೆ ಗೊತ್ತಾಯಿತು. ಯಕೃತ್ತನ್ನು ಕೆಡಿಸುವ ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. ಕುದಿಸಿದರೂ ಅದು ಸುಲಭವಾಗಿ ನಾಶವಾಗದು.

ಮೇಲೆ ಹೇಳಿದುವೆಲ್ಲ ಒಂದು ಕೋಳಿಯ ಕಷ್ಟಗಳು. ಒಂದರ ಹಿಂದೊಂದು ಕೋಳಿ ಮಲಗತೊಡಗಿದರೆ ವಿಷಯವೇ ಬೇರೆ. ಹಸಿರು ಭೇದಿ, ಉಬ್ಬಸ, ಕಾಲು ರೆಕ್ಕೆಗಳ ಸೋಲು, ತಿರುಚಿದ ಕತ್ತು ಇವು ಕೊಕ್ಕರೆ ರೋಗದ ಚಿಹ್ನೆಗಳು. ಕುಮಾವೂನ್ ಬೆಟ್ಟಗಳ ಊರೊಂದರ ಹೆಸರಿನಿಂದ ಇದು ರಾಣಿಖೇತ್ ರೋಗವೆನಿಸಿದೆ. ಕತ್ತು ಮುರಿದಂತೆ ತಿರುಗುವುದರಿಂದ ನೆರೆಯ ಮರಾಠಿಗರು ಮಾನ್‌ಮೋಡಿ ಎನ್ನುತ್ತಾರೆ. ಬಂದ ಮೇಲೆ ಇದಕ್ಕೆ ಮದ್ದಿಲ್ಲ. ಔಷಧದಂಗಡಿಯಿಂದ ಆಂಟಿಬಯೋಟಿಕ್ ಗುಳಿಗೆ ತಂದು ಅರೆದು ಹಾಕಿದರೆ ವೈರಸ್ಸಿಗೆ ಏನೂ ಆಗದು. ಅದರ ಶೇಷ ಮಾತ್ರ ಮೊಟ್ಟೆಯ ಮೂಲಕ ಮಕ್ಕಳ ತಟ್ಟೆಗೆ ಬರುತ್ತದೆ. ಮರಿಗೆ ಐದರಿಂದ ಏಳು ದಿನಗಳಾದಾಗ ಕಣ್ಣಿಗೆ ಅಥವಾ ಮೂಗಿಗೆ ಹನಿ ಲಸಿಕೆ, ಆರರಿಂದ ಎಂಟು ವಾರಗಳಲ್ಲಿ ಚುಚ್ಚುಮದ್ದು, ಇದೇ ರಕ್ಷೆ. ಒಂದು ಸೀಸೆಯಲ್ಲಿ ಸಾಮಾನ್ಯವಾಗಿ ನೂರು ಅಥವಾ ಹೆಚ್ಚು ಕೋಳಿಗಳಿಗಾಗುವಷ್ಟು ಲಸಿಕೆ ಇರುತ್ತದೆ. ಕಲಸಿದ ಮೇಲೆ ಬಹಳ ಹೊತ್ತು ಉಳಿಯದು. ನಾಲ್ಕು ಕೋಳಿಯ ಮನೆಯವರು ಓಣಿಯ ಇತರರೊಡನೆ ಸೇರಿ ಒಂದೇ ದಿನ ಹಾಕಿಸುವುದು ಲೇಸು.

ಜುಟ್ಟು ನೀಲಿಗಟ್ಟಿ, ಮುಖ ಊದಿ, ಒಂದೆರಡು ದಿನಗಳಲ್ಲಿಯೇ ಹಲವು ಕೋಳಿಗಳು ಸತ್ತರೆ ಹಕ್ಕಿಜ್ವರವನ್ನು ಶಂಕಿಸಬೇಕು. ಇದು ದೂರದ ಮಾತಲ್ಲ. 2006ರಲ್ಲಿ ಭಾರತದಲ್ಲಿ ಮೊದಲು ಅದು ಪತ್ತೆಯಾದದ್ದು ಮಹಾರಾಷ್ಟ್ರದ ನವಾಪುರದಲ್ಲಿ. 2024ರ ಮಾರ್ಚಿನಲ್ಲಿ ನಾಗಪುರದ ಸರಕಾರಿ ಕೋಳಿಮರಿ ಕೇಂದ್ರದಲ್ಲಿಯೇ ಕಾಣಿಸಿಕೊಂಡಿತು. ಅದೇ ವರ್ಷದ ಕೊನೆಯಲ್ಲಿ ನಗರದ ಗೋರೆವಾಡಾ ಪ್ರಾಣಿಕೇಂದ್ರದಲ್ಲಿ ಮೂರು ಹುಲಿಗಳೂ ಒಂದು ಚಿರತೆಯೂ ಇದರಿಂದಲೇ ಸತ್ತುವು. ಚೆನ್ನಾಗಿ ಬೆಂದ ಮಾಂಸದಲ್ಲಿ ಈ ವೈರಸ್ ಉಳಿಯುವುದಿಲ್ಲ, ನಿಜ. ಆದರೆ ಅಪಾಯವಿರುವುದು ಉಣ್ಣುವ ಘಟ್ಟಕ್ಕಿಂತ ಕೊಯ್ಯುವ, ಪುಕ್ಕ ಕೀಳುವ, ಕರುಳು ತೆಗೆಯುವ ಘಟ್ಟದಲ್ಲಿ. ಆ ಕೆಲಸ ನಡೆಯುವುದು ಅಡಿಗೆಮನೆಯ ಪಕ್ಕದಲ್ಲಿ, ಮಕ್ಕಳ ಕಣ್ಣೆದುರಿನಲ್ಲಿ. ಸಾಯುತ್ತಿರುವ ಕೋಳಿಯನ್ನು ಕೊಯ್ಯಬಾರದು, ಮಾರಬಾರದು, ಚರಂಡಿಗೆ ಎಸೆಯಬಾರದು ಎಂಬುದರ ಕಾರಣ ಇದು. ಸತ್ತುದನ್ನು ಬರಿಗೈಯಿಂದ ಮುಟ್ಟದೆ, ಸರಕಾರಿ ಪಶುವೈದ್ಯಾಧಿಕಾರಿಗೆ ತಿಳಿಸಿ ಅವರ ಸೂಚನೆಯಂತೆ ನಡೆಯಬೇಕು. 2009ರ ಕಾಯಿದೆಯಂತೆ ಇಂಥ ರೋಗಗಳನ್ನು ತಿಳಿಸುವುದು ಒಡೆಯನ ಕರ್ತವ್ಯವೂ ಹೌದು. ಅಂಥ ಕೋಳಿಯನ್ನು ಮುಟ್ಟಿದವರಿಗೆ ಮುಂದಿನ ಹತ್ತು ದಿನಗಳಲ್ಲಿ ಜ್ವರ, ಕೆಮ್ಮು ಅಥವಾ ಕಣ್ಣುರಿ ಬಂದರೆ ವೈದ್ಯರಿಗೆ ಕೋಳಿಯ ವಿಷಯವನ್ನೂ ಹೇಳಬೇಕು.

ಉಳಿದ ಕಾಯಿಲೆಗಳಿಗೆ, 1958ರಲ್ಲಿ ಆರಂಭವಾದ ನಾಗಪುರ ಪಶುವೈದ್ಯಕೀಯ ಕಾಲೇಜಿನ ಚಿಕಿತ್ಸಾಲಯ ಸೆಮಿನರಿ ಹಿಲ್ಸ್‌ನಲ್ಲಿದೆ. ಕೋಳಿಯನ್ನು ಬಟ್ಟೆ ಮುಚ್ಚಿದ ಬುಟ್ಟಿಯಲ್ಲಿ, ಆ ದಿನದ ಹಿಕ್ಕೆಯನ್ನು ಡಬ್ಬಿಯಲ್ಲಿ ಒಯ್ದರೆ ವೈದ್ಯರ ಕೆಲಸ ಹಗುರಾಗುತ್ತದೆ. ಗುಣವಾದ ಕೋಳಿಯನ್ನು ಎರಡು ವಾರ ಬೇರೆಯಾಗಿಯೇ ಇಟ್ಟು, ಕತ್ತಲಾದ ಮೇಲೆ, ಉಳಿದವು ಅಡ್ಡಗೋಲಿನ ಮೇಲೆ ಕುಳಿತು ಮಂಕಾಗಿರುವ ಹೊತ್ತಿನಲ್ಲಿ ಗೂಡಿಗೆ ಸೇರಿಸಬೇಕು. ಹಗಲಿನಲ್ಲಿ ಬಿಟ್ಟರೆ ಹಳೆಯ ಒಡನಾಡಿಗಳೇ ಅದನ್ನು ಹೊಸಬಳೆಂದು ಕುಕ್ಕಿ ಓಡಿಸುತ್ತವೆ.